ಕೈಕೊಟ್ಟ ಕಾಲು, ಕೈಹಿಡಿದ ಕಲಿಕೆ

ಅಮೆರಿಕದ ಪೋರ್ಟ್‌ಲೆಂಡ್ ನಗರದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ತಂಡದ ಹೆಸರು ಟ್ರೇಲ್ ಬ್ಲೇಜರ್ಸ್. 1995ರಲ್ಲಿ ಆ ತಂಡಕ್ಕೆ ಹೊಸ ಆಟಗಾರನೊಬ್ಬ ಬಂದ. ‘ಹೊಸಬ’ ಎಂಬುದು ಹೆಸರಿಗೆ ಮಾತ್ರ. ವಯಸ್ಸಾಗಲೇ 31ರ ಸಮೀಪ. ವೈದ್ಯರು ಆತನ ಕಾಲಿನ ಎಕ್ಸ್-ರೇ ಪರೀಕ್ಷಿಸಿದರು. ಆ ಚಿತ್ರವೊಂದನ್ನೇ ನೋಡಿ ಹೇಳುವುದಾದರೆ, ಅಂಗವಿಕಲರಿಗೆಂದು ಮೀಸಲಾದ ಜಾಗದಲ್ಲಿ ಕಾರು ನಿಲ್ಲಿಸುವ ಪರವಾನಗಿಗೆ ಈತ ಅರ್ಹ ಎಂಬುದು ಅವರ ಅಭಿಪ್ರಾಯವಾಗಿತ್ತೆಂದು ತಂಡದ ಆಗಿನ ವ್ಯವಸ್ಥಾಪಕ ಬಾಬ್ ವಿಟ್ಸಿಟ್ ಮುಂದೆ ನೆನಪಿಸಿಕೊಂಡಿದ್ದಾರೆ.

ಅಂಥ ಕಾಲಿನ ಮನುಷ್ಯ ಪ್ರಪಂಚದ ಅತ್ಯಂತ ಕಠಿಣ ಬ್ಯಾಸ್ಕೆಟ್‌ಬಾಲ್ ಲೀಗ್ ಎನಿಸಿದ ಎನ್‌ಬಿಎಯಲ್ಲಿ 470 ಪಂದ್ಯಗಳನ್ನು ಆಡಿದ. ಅವನ ಹೆಸರು ಆರ್ವಿದಾಸ್ ಸಬೋನಿಸ್. ಎತ್ತರ 221 ಸೆಂಟಿಮೀಟರ್, ಅಂದರೆ ಏಳು ಅಡಿ ಮೂರು ಅಂಗುಲ. ದೇಶ ಲಿಥುವೇನಿಯಾ. ಆತನ ಕಥೆ ಆಟದ ಪುಟಕ್ಕೆ ಎಷ್ಟು ಸಲ್ಲುತ್ತದೋ ಜೀವಶಾಸ್ತ್ರದ ಪಾಠಕ್ಕೂ ಅಷ್ಟೇ ಸಲ್ಲುತ್ತದೆ. ಮಗ ಅಥವಾ ಮಗಳು ಆಟದಲ್ಲಿ ಮುಂದೆ ಬರಬೇಕೆಂದು ಆಸೆಪಡುವ ತಂದೆ-ತಾಯಿಯಂತೂ ಅದನ್ನು ತಿಳಿಯಲೇಬೇಕು.

ಸೆಂಟರ್ ಎಂದರೆ ಯಾರು?

ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಅಂಕಣದೊಳಗೆ ಐವರು ಇರುತ್ತಾರೆ. ಚೆಂಡನ್ನು ಪುಟಿಸುತ್ತ ಮುಂದಕ್ಕೆ ತರುವವರು ಗಾರ್ಡ್‌ಗಳು. ಅಕ್ಕಪಕ್ಕದಿಂದ ನುಗ್ಗುವವರು ಫಾರ್ವರ್ಡ್‌ಗಳು. ಬುಟ್ಟಿಯ ಬುಡದಲ್ಲಿ ನಿಂತು ಹೋರಾಡುವವನು ಸೆಂಟರ್. ಗುರಿ ತಪ್ಪಿ ಬಳೆಗೆ ಬಡಿದು ಚಿಮ್ಮಿದ ಚೆಂಡನ್ನು ಹಿಡಿಯುವುದು, ಅಂದರೆ ರೀಬೌಂಡ್, ಅವನ ಮುಖ್ಯ ಕೆಲಸ. ಎದುರಾಳಿಯ ಎಸೆತವನ್ನು ತಡೆಯುವುದು, ಮೈಗೆ ಮೈ ಒತ್ತಿ ಜಾಗ ಕಾಯುವುದು, ಹತ್ತಿರದಿಂದ ಚೆಂಡನ್ನು ಬುಟ್ಟಿಗೆ ಸೇರಿಸುವುದು ಸಹ ಅವನ ಪಾಲಿನವೇ. ಬಳೆ ಇರುವುದು ನೆಲದಿಂದ 3.05 ಮೀಟರ್ ಎತ್ತರದಲ್ಲಿ. ಹೀಗಾಗಿ ತಂಡದ ಅತಿ ಎತ್ತರದ ಆಟಗಾರನೇ ಸಾಮಾನ್ಯವಾಗಿ ಸೆಂಟರ್ ಆಗುತ್ತಾನೆ.

ಎತ್ತರ ವರವೆಂದು ಎಲ್ಲರಿಗೂ ಗೊತ್ತು. ಅದಕ್ಕೆ ದೇಹ ತೆರುವ ಕಂದಾಯವನ್ನು ತಿಳಿದವರು ಕಡಿಮೆ. 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಗೆಲಿಲಿಯೋ ಇದರ ಲೆಕ್ಕವನ್ನು ವಿವರಿಸಿದ್ದಾನೆ. ಅದನ್ನು ವಿದ್ಯಾರ್ಥಿಗಳು ನೋಟ್‌ಬುಕ್ಕಿನಲ್ಲಿ ಮಾಡಿ ನೋಡಬಹುದು.

170 ಸೆಂಟಿಮೀಟರ್ ಎತ್ತರದ, 65 ಕಿಲೋ ತೂಕದ ಒಬ್ಬ ಮನುಷ್ಯನನ್ನು ತೆಗೆದುಕೊಳ್ಳಿ. ಅವನನ್ನು ಎಲ್ಲ ದಿಕ್ಕಿನಲ್ಲೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸಿ 221 ಸೆಂಟಿಮೀಟರ್ ಮಾಡಿದರೆ ಎತ್ತರ 1.3 ಪಟ್ಟಾಯಿತು. ತೂಕ ಅವಲಂಬಿಸಿರುವುದು ಗಾತ್ರವನ್ನು, ಅಂದರೆ ಘನವನ್ನು. 1.3ರ ಘನ ಸುಮಾರು 2.2. ಹಾಗಾಗಿ ತೂಕ 143 ಕಿಲೋ ಆಗುತ್ತದೆ. ಮೂಳೆಯ, ಸ್ನಾಯುರಜ್ಜುವಿನ ಬಲ ಅವಲಂಬಿಸಿರುವುದು ಅವುಗಳ ಅಡ್ಡಕೊಯ್ತದ ವಿಸ್ತೀರ್ಣವನ್ನು, ಅಂದರೆ ವರ್ಗವನ್ನು. 1.3ರ ವರ್ಗ ಸುಮಾರು 1.7. ಹೊರೆ 2.2 ಪಟ್ಟು ಹೆಚ್ಚಿದರೂ ಹೊರುವ ಶಕ್ತಿ ಹೆಚ್ಚಿದ್ದು 1.7 ಪಟ್ಟು ಮಾತ್ರ. ಅಂದರೆ ಮೂಳೆ-ರಜ್ಜುಗಳ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಬೀಳುವ ಭಾರ ಮೊದಲಿಗಿಂತ ಶೇಕಡಾ 30ರಷ್ಟು ಜಾಸ್ತಿ. ನಿಜ ಜೀವನದಲ್ಲಿ ಎತ್ತರದವರು ಕೊಂಚ ತೆಳ್ಳಗಿರುವುದರಿಂದ ಲೆಕ್ಕ ಅಷ್ಟು ಕರಾರುವಾಕ್ಕಾಗಿ ಕೂಡುವುದಿಲ್ಲ. ಆದರೂ ಸಬೋನಿಸ್ ಎನ್‌ಬಿಎ ದಿನಗಳಲ್ಲಿ 130 ಕಿಲೋ ಆಸುಪಾಸಿನಲ್ಲಿದ್ದ. ಇಷ್ಟು ಭಾರವನ್ನು ಹೊತ್ತು ಸೆಂಟರ್ ಆಟಗಾರ ಒಂದು ಪಂದ್ಯದಲ್ಲಿ ಹತ್ತಾರು ಸಲ ನೆಗೆಯಬೇಕು, ನೆಗೆದಷ್ಟೂ ಸಲ ನೆಲಕ್ಕೆ ಇಳಿಯಬೇಕು.

ಕೌನಸ್ ನಗರದ ಹುಡುಗ

ಬಾಲ್ಟಿಕ್ ಸಮುದ್ರದ ದಡದಲ್ಲಿರುವ ಲಿಥುವೇನಿಯಾ ವಿಸ್ತೀರ್ಣದಲ್ಲಿ ಕರ್ನಾಟಕದ ಸುಮಾರು ಮೂರನೆಯ ಒಂದು ಪಾಲಿನಷ್ಟಿದೆ. ಇಂದಿನ ಜನಸಂಖ್ಯೆ 30 ಲಕ್ಷಕ್ಕೂ ಕಡಿಮೆ. ಆದರೆ ಬ್ಯಾಸ್ಕೆಟ್‌ಬಾಲ್ ಅಲ್ಲಿ ಮನೆಮಾತು. 1937 ಮತ್ತು 1939ರಲ್ಲಿ ಆ ಪುಟ್ಟ ದೇಶ ಯುರೋಪಿನ ಚಾಂಪಿಯನ್ ಆಗಿತ್ತು. ಎರಡನೆಯ ಬಾರಿ ಗೆದ್ದದ್ದು ತನ್ನದೇ ಕೌನಸ್ ನಗರದಲ್ಲಿ. ಮರುವರ್ಷವೇ, ಅಂದರೆ 1940ರಲ್ಲಿ, ಸೋವಿಯತ್ ಒಕ್ಕೂಟ ಅದನ್ನು ನುಂಗಿತು. ದೇಶ ಹೋಯಿತು, ಆಟ ಉಳಿಯಿತು.

ಅದೇ ಕೌನಸ್‌ನಲ್ಲಿ 1964ರ ಡಿಸೆಂಬರ್ 19ರಂದು ಸಬೋನಿಸ್ ಹುಟ್ಟಿದ. ಆತ ಬ್ಯಾಸ್ಕೆಟ್‌ಬಾಲ್ ಹಿಡಿದದ್ದು 13ನೆಯ ವಯಸ್ಸಿನಲ್ಲಿ. ಐದನೆಯ ವರ್ಷಕ್ಕೇ ಮಗುವನ್ನು ಶಿಬಿರಕ್ಕೆ ಸೇರಿಸದಿದ್ದರೆ ಕಾಲ ಮಿಂಚಿತೆಂದು ಆತಂಕಪಡುವ ಪಾಲಕರು ಈ ಸಂಖ್ಯೆಯನ್ನು ನೆನಪಿಡಬೇಕು. 1981ರಲ್ಲಿ ಆತ ಊರಿನ ಜಾಲ್ಗಿರಿಸ್ ಕ್ಲಬ್ಬಿನ ಹಿರಿಯರ ತಂಡಕ್ಕೆ ಬಂದ. 1982ರಲ್ಲಿ, ಇನ್ನೂ 17ರ ಹುಡುಗನಾಗಿದ್ದಾಗಲೇ, ಕೊಲಂಬಿಯಾದಲ್ಲಿ ವಿಶ್ವ ಚಾಂಪಿಯನ್ ಆದ ಸೋವಿಯತ್ ತಂಡದಲ್ಲಿ ಅವನಿದ್ದ. ಆ ಫೈನಲ್‌ನಲ್ಲಿ ಅಮೆರಿಕ ಸೋತದ್ದು 94-95ರಿಂದ, ಒಂದೇ ಒಂದು ಅಂಕದಿಂದ.

ಜಾಲ್ಗಿರಿಸ್ ಎಂಬುದು ಬರೀ ಕ್ಲಬ್ಬಿನ ಹೆಸರಲ್ಲ. 1410ರಲ್ಲಿ ಲಿಥುವೇನಿಯಾ ಮತ್ತು ಪೋಲೆಂಡಿನ ಸೈನ್ಯಗಳು ಸೇರಿ ಜರ್ಮನ್ ಟ್ಯೂಟಾನಿಕ್ ಪಡೆಯನ್ನು ಸೋಲಿಸಿದ ಯುದ್ಧದ ಹೆಸರು ಅದು. ಆ ಕ್ಲಬ್ಬಿನ ದೊಡ್ಡ ಎದುರಾಳಿ ಮಾಸ್ಕೋದ ಸಿಎಸ್‌ಕೆಎ, ಸೋವಿಯತ್ ಸೈನ್ಯದ ತಂಡ. ತಮ್ಮ ದೇಶದ ಬಾವುಟ ಹಾರಿಸಲಾಗದ ಜನರಿಗೆ ಸೈನ್ಯದ ತಂಡವನ್ನು ಸೋಲಿಸುವುದೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. 1985, 1986, 1987, ಸತತ ಮೂರು ವರ್ಷ ಜಾಲ್ಗಿರಿಸ್ ಸೋವಿಯತ್ ಚಾಂಪಿಯನ್ ಆಯಿತು.

ಆಗಿನ ಸಬೋನಿಸ್‌ನನ್ನು ಕಂಡವರಿಗೆ ಅಚ್ಚರಿ ಹುಟ್ಟಿಸಿದ್ದು ಅವನ ಎತ್ತರವಲ್ಲ. ಎತ್ತರದವರು ಬೇರೆಯವರೂ ಇದ್ದರು. ಈತ ಗಾರ್ಡ್ ಆಟಗಾರನಂತೆ ಓಡುತ್ತಿದ್ದ, ದೂರದಿಂದ ಗುರಿಯಿಟ್ಟು ಎಸೆಯುತ್ತಿದ್ದ. ಬೆನ್ನ ಹಿಂದಿನಿಂದ ಗೆಳೆಯನ ಕೈಗೆ ಚೆಂಡು ತಲುಪಿಸುತ್ತಿದ್ದ. 1986ರಲ್ಲಿ ಸ್ಪೇನ್ ದೇಶದಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಸೆಮಿಫೈನಲ್‌ನಲ್ಲಿ ಸೋವಿಯತ್ ತಂಡ ಯುಗೊಸ್ಲಾವಿಯಾದ ಎದುರು ಸೋಲಿನ ಅಂಚಿನಲ್ಲಿತ್ತು. ಉಳಿದಿದ್ದದ್ದು ಒಂದು ನಿಮಿಷಕ್ಕೂ ಕಡಿಮೆ, ಹಿಂದಿದ್ದದ್ದು ಒಂಬತ್ತು ಅಂಕ. ಬಯಲಿನಾಚೆಯಿಂದ ಎಸೆದು ಮೂರು ಅಂಕ ಗಳಿಸುವ ಎಸೆತಗಳು ಒಂದರ ಹಿಂದೊಂದು ಮೂರು ಬುಟ್ಟಿ ಸೇರಿದವು. ಅವುಗಳಲ್ಲೊಂದು ಸಬೋನಿಸ್‌ನದು. ಆಟ ಸಮವಾಗಿ, ಹೆಚ್ಚುವರಿ ಅವಧಿಯಲ್ಲಿ ಸೋವಿಯತ್ ತಂಡ 91-90ರಿಂದ ಗೆದ್ದಿತು. ಫೈನಲ್‌ನಲ್ಲಿ ಮಾತ್ರ ಅಮೆರಿಕ 87-85ರಿಂದ ಸೇಡು ತೀರಿಸಿಕೊಂಡಿತು.

ಅದೇ 1986ರಲ್ಲಿ ಪೋರ್ಟ್‌ಲೆಂಡ್ ತಂಡ ಎನ್‌ಬಿಎ ಆಯ್ಕೆಯ ಮೊದಲ ಸುತ್ತಿನಲ್ಲೇ, 24ನೆಯವನಾಗಿ ಸಬೋನಿಸ್‌ನ ಹೆಸರು ಕರೆಯಿತು. ಆದರೆ ಶೀತಲ ಸಮರದ ಆ ದಿನಗಳಲ್ಲಿ ಸೋವಿಯತ್ ಆಟಗಾರ ಅಮೆರಿಕಕ್ಕೆ ಹೋಗಿ ಹಣಕ್ಕಾಗಿ ಆಡುವುದುಂಟೆ? ಮಾಸ್ಕೋ ಬಿಡಲಿಲ್ಲ.

ಹಿಮ್ಮಡಿಯ ಹಗ್ಗ

20-21ರ ವಯಸ್ಸಿನಲ್ಲಿ ಸಬೋನಿಸ್ ಆಡದ ತಿಂಗಳು ಯಾವುದು ಎಂದು ಹುಡುಕಬೇಕಿತ್ತು. ಕ್ಲಬ್ಬಿಗೆ ಸೋವಿಯತ್ ಲೀಗ್, ಯುರೋಪಿನ ಕಪ್ ಪಂದ್ಯಗಳು. ಅವು ಮುಗಿದರೆ ದೇಶದ ತಂಡಕ್ಕೆ ಯುರೋಪ್ ಚಾಂಪಿಯನ್‌ಷಿಪ್, ವಿಶ್ವ ಚಾಂಪಿಯನ್‌ಷಿಪ್, ವಿಶ್ವವಿದ್ಯಾಲಯಗಳ ಕ್ರೀಡಾಕೂಟ. ನಡುನಡುವೆ ಶಿಬಿರ, ಪ್ರವಾಸ. ಗೆಲ್ಲಿಸುವ ಎತ್ತಿಗೇ ನೊಗ ಹೆಚ್ಚು.

1986-87ರ ಅವಧಿಯಲ್ಲಿ ಅವನ ಹಿಮ್ಮಡಿಯ ಮೇಲಿನ ಅಕಿಲಿಸ್ ರಜ್ಜು ಕೈಕೊಟ್ಟಿತು. 1987ರ ಯುರೋಪ್ ಚಾಂಪಿಯನ್‌ಷಿಪ್ ಆಡಲಾಗಲಿಲ್ಲ.

ಈ ರಜ್ಜುವನ್ನು ನೀವು ಈಗಲೇ ಮುಟ್ಟಿ ನೋಡಬಹುದು. ಹಿಮ್ಮಡಿಯಿಂದ ಮೇಲಕ್ಕೆ ಬೆರಳು ಸರಿಸಿದರೆ ಬಿಗಿಯಾದ ಹಗ್ಗದಂಥದ್ದು ಸಿಗುತ್ತದೆ. ಮೀನಖಂಡದ ಸ್ನಾಯುಗಳನ್ನು ಹಿಮ್ಮಡಿಯ ಮೂಳೆಗೆ ಕಟ್ಟಿರುವುದು ಅದೇ. ಮೈಯಲ್ಲಿರುವ ರಜ್ಜುಗಳಲ್ಲೆಲ್ಲ ದಪ್ಪನೆಯದು, ಗಟ್ಟಿಯಾದದ್ದು. ನಾವು ತುದಿಗಾಲಿನ ಮೇಲೆ ನಿಲ್ಲುವುದು, ಓಡುವುದು, ನೆಗೆಯುವುದು ಇದರ ಬಲದಿಂದ. ಓಡುವಾಗ ಇದರ ಮೇಲೆ ದೇಹತೂಕದ ಆರೇಳು ಪಟ್ಟು ಎಳೆತ ಬೀಳಬಹುದು. 60 ಕಿಲೋ ತೂಗುವ ವಿದ್ಯಾರ್ಥಿಯ ಹಿಮ್ಮಡಿಯ ಹಗ್ಗವೇ ಸುಮಾರು ನಾಲ್ಕು ಕ್ವಿಂಟಲ್ ಎಳೆತ ತಾಳಬೇಕು. 221 ಸೆಂಟಿಮೀಟರ್ ಎತ್ತರದವನ ಪಾಡನ್ನು ನೀವೇ ಊಹಿಸಿ.

ಗ್ರೀಕ್ ಪುರಾಣದ ವೀರ ಅಕಿಲಿಸ್‌ನನ್ನು ಅವನ ತಾಯಿ ಮಗುವಾಗಿದ್ದಾಗಲೇ ಸ್ಟಿಕ್ಸ್ ನದಿಯಲ್ಲಿ ಅದ್ದಿ ಗಾಯವಾಗದ ಮೈ ಕೊಟ್ಟಳಂತೆ. ಅವಳು ಹಿಡಿದಿದ್ದ ಹಿಮ್ಮಡಿ ಮಾತ್ರ ನೀರಿಗೆ ತಾಗಲಿಲ್ಲ. ಕೊನೆಗೆ ಬಾಣ ನಾಟಿದ್ದು ಅಲ್ಲಿಗೇ. ನಮ್ಮ ಶ್ರೀಕೃಷ್ಣನಿಗೂ ಬೇಡನ ಬಾಣ ತಗುಲಿದ್ದು ಪಾದಕ್ಕೇ ಅಲ್ಲವೆ? ಎಲ್ಲವನ್ನೂ ಹೊರುವ ಕಾಲೇ ಎಲ್ಲಕ್ಕಿಂತ ನಾಜೂಕು ಎಂಬುದನ್ನು ಹಳಬರು ಎರಡು ಕಡೆಯೂ ಕಂಡಿದ್ದರು.

ರಜ್ಜುವಿನ ಇನ್ನೊಂದು ಗುಣವನ್ನು ತಿಳಿಯಬೇಕು. ಸ್ನಾಯುವಿಗೆ ರಕ್ತದ ಪೂರೈಕೆ ಧಾರಾಳ. ಹಾಗಾಗಿ ಸ್ನಾಯುವಿನ ನೋವು ಬೇಗ ಮಾಯುತ್ತದೆ. ರಜ್ಜುವಿಗೆ ರಕ್ತನಾಳಗಳು ಕಡಿಮೆ, ಅದರ ದುರಸ್ತಿ ನಿಧಾನ. ಪ್ರತಿದಿನದ ಆಟದಲ್ಲಿ ಅದರ ನಾರುಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸೀಳುಗಳು ಬೀಳುತ್ತವೆ. ವಿಶ್ರಾಂತಿ ಸಿಕ್ಕರೆ ದೇಹವೇ ಅವನ್ನು ಹೊಲಿದು, ಮೊದಲಿಗಿಂತ ಗಟ್ಟಿ ಮಾಡುತ್ತದೆ. ಹೊಲಿಗೆ ಮುಗಿಯುವ ಮೊದಲೇ ಮತ್ತೆ ಎಳೆದರೆ ಸೀಳು ಬೆಳೆಯುತ್ತದೆ. ಒಂದು ದಿನ ಹಗ್ಗವೇ ಹರಿಯುತ್ತದೆ. ನೋಡಿದವರು ‘ಅಯ್ಯೋ, ಒಮ್ಮೆಲೇ ಹೀಗಾಯಿತು’ ಎನ್ನುತ್ತಾರೆ. ಹಲವು ಬಾರಿ ಅದು ಒಮ್ಮೆಲೇ ಆದದ್ದಾಗಿರುವುದಿಲ್ಲ. ದಿನದಿನವೂ ತುಸುತುಸುವೇ ಆದದ್ದು ಕೊನೆಗೊಮ್ಮೆ ಕಣ್ಣಿಗೆ ಬಿದ್ದಿರುತ್ತದೆ.

ಎದುರಾಳಿಯ ನಾಡಿನ ಮದ್ದು

1988ರಲ್ಲಿ ಅಪರೂಪದ ಸಂಗತಿಯೊಂದು ನಡೆಯಿತು. ಗಾಯಗೊಂಡ ಸಬೋನಿಸ್‌ನ ಚಿಕಿತ್ಸೆಗೆ ಸೋವಿಯತ್ ಅಧಿಕಾರಿಗಳು ಅಮೆರಿಕಕ್ಕೆ, ಅದೂ ಅವನನ್ನು ಆರಿಸಿದ್ದ ಪೋರ್ಟ್‌ಲೆಂಡ್ ತಂಡದ ವೈದ್ಯರಲ್ಲಿಗೆ ಕಳಿಸಲು ಒಪ್ಪಿದರು. ಒಲಿಂಪಿಕ್ಸ್ ಅದೇ ವರ್ಷ. ‘ಎದುರಾಳಿಯ ಕಾಲನ್ನು ನಾವೇ ಸರಿಮಾಡಿ ಕಳಿಸುವುದೆ?’ ಎಂಬ ಟೀಕೆ ಅಮೆರಿಕದಲ್ಲಿ ಎದ್ದಿತು. ವೈದ್ಯರು ತಮ್ಮ ಕೆಲಸ ಮಾಡಿದರು.

ಟೀಕಾಕಾರರು ಹೆದರಿದ್ದೇ ಆಯಿತು. ಸೋಲ್ ಒಲಿಂಪಿಕ್ಸ್‌ನ ಸೆಮಿಫೈನಲ್‌ನಲ್ಲಿ ಸೋವಿಯತ್ ತಂಡ ಅಮೆರಿಕವನ್ನು 82-76ರಿಂದ ಸೋಲಿಸಿತು. ಎದುರಿಗೆ ಸೆಂಟರ್ ಆಗಿ ಆಡಿದವನು ಡೇವಿಡ್ ರಾಬಿನ್ಸನ್, ಮುಂದೆ ಎನ್‌ಬಿಎಯ ಮಹಾ ಆಟಗಾರರಲ್ಲೊಬ್ಬನಾದವನು. ಫೈನಲ್‌ನಲ್ಲಿ ಯುಗೊಸ್ಲಾವಿಯಾವನ್ನು 76-63ರಿಂದ ಸೋಲಿಸಿ ಸೋವಿಯತ್ ತಂಡ ಚಿನ್ನ ಪಡೆಯಿತು. ಆ ತಂಡದ ನಾಲ್ವರು ಮುಖ್ಯ ಆಟಗಾರರು, ಸಬೋನಿಸ್, ಮಾರ್ಚುಲಿಯೋನಿಸ್, ಕುರ್ತಿನೈಟಿಸ್, ಖೋಮಿಚ್ಯುಸ್, ಎಲ್ಲರೂ ಲಿಥುವೇನಿಯಾದವರು. ಚಿನ್ನ ಮಾತ್ರ ಬೇರೆ ಹೆಸರಿನಲ್ಲಿ ಬರೆಯಲ್ಪಟ್ಟಿತು.

ಅಮೆರಿಕದ ಪರ ಅಲ್ಲಿಯವರೆಗೆ ಒಲಿಂಪಿಕ್ಸ್ ಆಡುತ್ತಿದ್ದವರು ಕಾಲೇಜು ಹುಡುಗರು. 1989ರಲ್ಲಿ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ ನಿಯಮ ಬದಲಿಸಿ ಎನ್‌ಬಿಎ ಆಟಗಾರರಿಗೂ ಬಾಗಿಲು ತೆರೆಯಿತು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ಗೆ ಮೈಕೇಲ್ ಜೋರ್ಡನ್, ಮ್ಯಾಜಿಕ್ ಜಾನ್ಸನ್, ಲ್ಯಾರಿ ಬರ್ಡ್ ಇದ್ದ ‘ಡ್ರೀಮ್ ಟೀಮ್’ ಬಂದದ್ದು ಹೀಗೆ.

ಎರಡನೆಯ ಬದುಕು

1989ರಲ್ಲಿ ಸೋವಿಯತ್ ನಿರ್ಬಂಧ ಸಡಿಲವಾಯಿತು. ಮಾರ್ಚುಲಿಯೋನಿಸ್ ಎನ್‌ಬಿಎ ಸೇರಿದ. ಸಬೋನಿಸ್‌ಗೂ ಪೋರ್ಟ್‌ಲೆಂಡಿನ ಬಾಗಿಲು ತೆರೆದೇ ಇತ್ತು. ಆದರೆ ಎನ್‌ಬಿಎಯಲ್ಲಿ ಒಂದು ಋತುವಿಗೆ ಲೀಗ್ ಪಂದ್ಯಗಳೇ 82. ಆತ ಸ್ಪೇನ್ ದೇಶಕ್ಕೆ ಹೋದ. ಅಲ್ಲಿ ಪಂದ್ಯಗಳು ಕಡಿಮೆ, ನಡುವೆ ಬಿಡುವು ಹೆಚ್ಚು. ವಯಾದೊಲಿಡ್ ನಗರದ ಸಾಧಾರಣ ಕ್ಲಬ್ಬಿನಲ್ಲಿ ಮೂರು ವರ್ಷ, ನಂತರ ರಿಯಲ್ ಮ್ಯಾಡ್ರಿಡ್‌ನಲ್ಲಿ ಮೂರು ವರ್ಷ. 1993, 1994ರಲ್ಲಿ ಸ್ಪೇನ್ ಲೀಗ್ ಪ್ರಶಸ್ತಿ, 1995ರಲ್ಲಿ ಯುರೋಪಿನ ಕ್ಲಬ್ ಚಾಂಪಿಯನ್ ಪಟ್ಟ.

ಆದರೆ ಆಗಿನ ಸಬೋನಿಸ್ ಹಳೆಯ ಸಬೋನಿಸ್ ಆಗಿರಲಿಲ್ಲ. ಹಿಮ್ಮಡಿಯ ಜೊತೆ ಮೊಣಕಾಲು, ಕಣಕಾಲುಗಳೂ ಸವೆದಿದ್ದವು. ಚಿಗರೆಯಂತೆ ಓಡುತ್ತಿದ್ದವನು ಆನೆಯಂತೆ ಹೆಜ್ಜೆಯಿಡುತ್ತಿದ್ದ. ನೆಗೆತ ಹೋಗಿತ್ತು. ನೆಗೆತವನ್ನೇ ನಂಬಿದ್ದ ಆಟಗಾರನಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಅವನನ್ನು ಉಳಿಸಿದ್ದು ಹುಡುಗನಾಗಿದ್ದಾಗ ಕಲಿತ ಮೂರು ವಿದ್ಯೆ: ಗುರಿ, ಪಾಸು, ನೋಟ. ಇವಕ್ಕೆ ಹಿಮ್ಮಡಿಯ ಹಂಗು ಅಷ್ಟಿಲ್ಲ.

ಗುರಿಯ ಹಿಂದೆಯೂ ಒಂದು ಲೆಕ್ಕವಿದೆ. ಬುಟ್ಟಿಯ ಬಳೆಯ ವ್ಯಾಸ 45 ಸೆಂಟಿಮೀಟರ್, ಚೆಂಡಿನದು ಸುಮಾರು 24. ಚೆಂಡು ನೇರ ಮೇಲಿನಿಂದ ಬಿದ್ದರೆ ಅದಕ್ಕೆ ಪೂರ್ತಿ 45 ಸೆಂಟಿಮೀಟರ್ ಬಾಗಿಲು ಸಿಗುತ್ತದೆ. ಓರೆಯಾಗಿ ಬಂದರೆ ಬಾಗಿಲು ಕಿರಿದಾಗುತ್ತದೆ. 45 ಡಿಗ್ರಿ ಕೋನದಲ್ಲಿ ಬಂದ ಚೆಂಡಿಗೆ ಸಿಗುವುದು ಸುಮಾರು 32 ಸೆಂಟಿಮೀಟರ್. 30 ಡಿಗ್ರಿಯಲ್ಲಿ ಬಂದರೆ 22.5 ಮಾತ್ರ, ಅಂದರೆ ಬಳೆಗೆ ತಾಗದೆ ಚೆಂಡು ಒಳಹೋಗುವುದೇ ಅಸಾಧ್ಯ. ತ್ರಿಕೋನಮಿತಿ ಓದುವ ಹತ್ತನೆಯ ತರಗತಿಯವರು 45ನ್ನು ಆ ಕೋನದ ಸೈನ್‌ನಿಂದ ಗುಣಿಸಿ ಪರೀಕ್ಷಿಸಬಹುದು. ಎತ್ತರದವನ ಕೈಯಿಂದ ಚೆಂಡು ಹೊರಡುವುದೇ ಮೇಲಿನಿಂದ, ಅದು ಅನುಕೂಲವೇ. ಆದರೆ ಆ ಕೋನವನ್ನು ಮಣಿಕಟ್ಟಿಗೆ ಕಲಿಸಲು ಸಾವಿರಾರು ಸಲ ಎಸೆಯಬೇಕು. ಒಮ್ಮೆ ಕಲಿತ ಮಣಿಕಟ್ಟು ಸುಲಭವಾಗಿ ಮರೆಯುವುದಿಲ್ಲ.

ಇನ್ನು ಪಾಸು. ಬುಟ್ಟಿಗೆ ಬೆನ್ನುಹಾಕಿ ನಿಂತ 221 ಸೆಂಟಿಮೀಟರಿನ ಮನುಷ್ಯನಿಗೆ ಅಂಕಣವೆಲ್ಲ ಮಾಳಿಗೆಯ ಮೇಲಿಂದ ಕಂಡಂತೆ ಕಾಣುತ್ತದೆ. ಯಾರು ಯಾವ ಕಡೆ ಬಿಡಿಸಿಕೊಂಡು ಓಡುತ್ತಾರೆಂದು ಮುಂಚಿತವಾಗಿ ಊಹಿಸಿದರೆ ತಾನು ಓಡಬೇಕಾಗಿಲ್ಲ, ಚೆಂಡನ್ನು ಓಡಿಸಿದರೆ ಸಾಕು. ಸಬೋನಿಸ್ ನಿಂತಲ್ಲೇ ನಿಂತು ಆಟ ನಡೆಸುವುದನ್ನು ರೂಢಿಸಿಕೊಂಡ.

1990ರ ಮಾರ್ಚ್ 11ರಂದು ಲಿಥುವೇನಿಯಾ ಸ್ವಾತಂತ್ರ್ಯ ಘೋಷಿಸಿತು. ಬೇಸಿಗೆ ಒಲಿಂಪಿಕ್ಸ್‌ನಲ್ಲಿ ಅದು ಸ್ವಂತ ಹೆಸರಿನಿಂದ ಕೊನೆಯ ಬಾರಿ ಕಾಣಿಸಿಕೊಂಡದ್ದು 1928ರಲ್ಲಿ. 64 ವರ್ಷಗಳ ನಂತರ, ಬಾರ್ಸಿಲೋನಾದಲ್ಲಿ, ಅದರ ಬಾವುಟ ಮತ್ತೆ ಬಂತು. ಖಜಾನೆಯಲ್ಲಿ ಹಣವಿರಲಿಲ್ಲ. ಮಾರ್ಚುಲಿಯೋನಿಸ್ ಓಡಾಡಿ ಚಂದಾ ಎತ್ತಿದ. ‘ಗ್ರೇಟ್‌ಫುಲ್ ಡೆಡ್’ ಎಂಬ ಅಮೆರಿಕದ ಸಂಗೀತ ತಂಡವೂ ನೆರವಾಯಿತು. ಸೆಮಿಫೈನಲ್‌ನಲ್ಲಿ ಡ್ರೀಮ್ ಟೀಮ್ ಎದುರು 127-76ರಿಂದ ಸೋತದ್ದು ನಿಜ. ಆದರೆ ಕಂಚಿನ ಪದಕದ ಪಂದ್ಯದಲ್ಲಿ ಎದುರಾದದ್ದು ಹಳೆಯ ಸೋವಿಯತ್ ಗಣರಾಜ್ಯಗಳ ಸಂಯುಕ್ತ ತಂಡ. ಲಿಥುವೇನಿಯಾ 82-78ರಿಂದ ಗೆದ್ದಿತು. ಆ ಸಂಗೀತ ತಂಡದ ನೆರವಿನ ಗುರುತಾಗಿ ಬಂದ ಬಣ್ಣಬಣ್ಣದ ಅಂಗಿಗಳನ್ನು ತೊಟ್ಟೇ ಆಟಗಾರರು ಪದಕ ಪಡೆದರು. ನಾಲ್ಕು ವರ್ಷ ಹಿಂದೆ ಚಿನ್ನ ಗೆದ್ದವರಿಗೆ ಈ ಕಂಚು ಅದಕ್ಕಿಂತ ಭಾರವಾಗಿತ್ತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲೂ ಆಸ್ಟ್ರೇಲಿಯಾವನ್ನು 80-74ರಿಂದ ಸೋಲಿಸಿ ಮತ್ತೊಂದು ಕಂಚು ಬಂತು.

ಇದರ ನಡುವೆ, ಆಯ್ಕೆಯಾದ ಒಂಬತ್ತು ವರ್ಷಗಳ ನಂತರ, 1995ರಲ್ಲಿ ಆತ ಪೋರ್ಟ್‌ಲೆಂಡ್‌ಗೆ ಹೋದ. ಎನ್‌ಬಿಎ ಪಂದ್ಯ 48 ನಿಮಿಷಗಳದು. ತಂಡ ಅವನನ್ನು ಆಡಿಸಿದ್ದು ಸರಾಸರಿ 24 ನಿಮಿಷ, ಅರ್ಧ ಹೊತ್ತು ಮಾತ್ರ. ಆ ಅರ್ಧದಲ್ಲೇ ಮೊದಲ ಋತುವಿನಲ್ಲಿ ಪಂದ್ಯವೊಂದಕ್ಕೆ ಸರಾಸರಿ 14.5 ಅಂಕ, 8.1 ರೀಬೌಂಡ್ ಗಳಿಸಿದ. ಮುಂದಿನ ವರ್ಷಗಳಲ್ಲಿ ಶಕೀಲ್ ಓನೀಲ್‌ನಂಥ ಯುವಕರಿಗೂ ಎದೆಕೊಟ್ಟು ನಿಂತ.

2001ರಲ್ಲಿ ಆತ ಒಂದು ತೀರ್ಮಾನ ಕೈಗೊಂಡ. ಮೈಮನಸ್ಸು ಎರಡೂ ದಣಿದಿವೆ ಎಂದು ಇಡೀ ಒಂದು ಋತು ಎನ್‌ಬಿಎ ಆಟ ಬಿಟ್ಟು ಊರಲ್ಲಿ ಉಳಿದ. ಮರುವರ್ಷ ಮತ್ತೆ ಪೋರ್ಟ್‌ಲೆಂಡ್‌ಗೆ ಆಡಿದ. ನಂತರ ತಾನು ಬೆಳೆದ ಜಾಲ್ಗಿರಿಸ್‌ಗೆ ಮರಳಿ 2003-04ರ ಯುರೋಲೀಗ್ ಆಡಿದ. 39 ವರ್ಷದ ಆತ ಆ ಬಾರಿ ಲೀಗ್ ಹಂತದ ಅತ್ಯಮೂಲ್ಯ ಆಟಗಾರನೆನಿಸಿದ. ಮುಂದಿನ 16 ತಂಡಗಳ ಹಂತದಲ್ಲೂ ಆ ಗೌರವ ಅವನಿಗೇ ಸಂದಿತು. 2011ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿರುವ ಬ್ಯಾಸ್ಕೆಟ್‌ಬಾಲ್ ಗೌರವ ಭವನದಲ್ಲಿ ಅವನ ಹೆಸರು ಸೇರಿತು. 2016ರಲ್ಲಿ ಮಗ ದೊಮಾಂತಾಸ್ ಎನ್‌ಬಿಎ ಪ್ರವೇಶಿಸಿದ.

ಬೆಳೆಯುವ ಕಾಲುಗಳ ಮಾತು

ಸಬೋನಿಸ್ ಕಾಲು ಗಟ್ಟಿಯಿದ್ದಾಗಲೇ ಎನ್‌ಬಿಎಗೆ ಬಂದಿದ್ದರೆ ಎಷ್ಟು ದೊಡ್ಡವನಾಗುತ್ತಿದ್ದ ಎಂಬ ಚರ್ಚೆ ಇಂದಿಗೂ ನಡೆಯುತ್ತದೆ. ಅದಕ್ಕೆ ಉತ್ತರವಿಲ್ಲ. ಆದರೆ ಶಾಲಾ ಮಕ್ಕಳ ವಿಷಯದಲ್ಲಿ ಉತ್ತರವಿರುವ ಪ್ರಶ್ನೆಗಳಿವೆ.

ಮಕ್ಕಳ ಮೂಳೆಗಳ ತುದಿಯಲ್ಲಿ ಬೆಳವಣಿಗೆಯ ಫಲಕ ಎಂಬ ಮೃದ್ವಸ್ಥಿಯ ಪದರವಿರುತ್ತದೆ. ಮೂಳೆ ಉದ್ದವಾಗುವುದು ಅಲ್ಲಿಂದ. ಹದಿಹರೆಯ ಮುಗಿಯುವ ಹೊತ್ತಿಗೆ ಅದು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ಅಲ್ಲಿಯವರೆಗೆ ಅದು ಹಸಿ ಗೋಡೆ. ಹಿಮ್ಮಡಿಯ ಮೂಳೆಯಲ್ಲೂ ಇಂಥ ಫಲಕವಿದೆ. ಅಕಿಲಿಸ್ ರಜ್ಜು ಎಳೆಯುವುದು ಅಲ್ಲಿಯೇ. ಓಡುವ, ನೆಗೆಯುವ ಆಟಗಳಲ್ಲಿರುವ 8ರಿಂದ 14 ವರ್ಷದ ಅನೇಕ ಮಕ್ಕಳಿಗೆ ಹಿಮ್ಮಡಿ ನೋಯುವುದಕ್ಕೆ ಇದು ಸಾಮಾನ್ಯ ಕಾರಣ. ಮೊಣಕಾಲಿನ ಚಿಪ್ಪಿನ ಕೆಳಗೆ ಗಂಟಿನಂತೆ ಊದಿ ನೋಯುವುದೂ ಇದೇ ಜಾತಿಯದು. ಸಕಾಲದಲ್ಲಿ ಬಿಡುವು ಕೊಟ್ಟರೆ ಇವು ಬಹುಮಟ್ಟಿಗೆ ತಾವಾಗಿಯೇ ವಾಸಿಯಾಗುತ್ತವೆ.

ಆದರೆ ನಮ್ಮಲ್ಲಿ ಆಗುವುದೇನು? ಹುಡುಗ ಕುಂಟುತ್ತ ಮನೆಗೆ ಬಂದರೆ ‘ನಾಡಿದ್ದು ಜಿಲ್ಲಾ ಮಟ್ಟದ ಪಂದ್ಯ, ಇವತ್ತು ಕಾಲುನೋವಂತೆ’ ಎಂದು ಮೂದಲಿಸುವವರಿದ್ದಾರೆ. ನೋವಿನ ಮುಲಾಮು ಹಚ್ಚಿ, ಬಟ್ಟೆ ಬಿಗಿದು ಅಂಕಣಕ್ಕಿಳಿಸುವವರೂ ಇದ್ದಾರೆ. ನೋವು ಹೇಡಿತನವಲ್ಲ. ಅದು ದೇಹ ಬರೆದ ಕಾಗದ. ಓದದೆ ಹರಿದು ಹಾಕಿದರೆ ಮುಂದಿನದು ತಂತಿಯಾಗಿ ಬರುತ್ತದೆ.

ಮಕ್ಕಳ ವೈದ್ಯರು ಸಾಮಾನ್ಯವಾಗಿ ಹೇಳುವ ಸೂತ್ರಗಳು ಸರಳವಾಗಿವೆ. ವಾರದಲ್ಲಿ ಒಂದೆರಡು ದಿನವಾದರೂ ತರಬೇತಿಗೆ ರಜೆ ಇರಲಿ. ವರ್ಷದಲ್ಲಿ ಒಟ್ಟು ಎರಡು ಮೂರು ತಿಂಗಳು ಆ ಒಂದು ಆಟಕ್ಕೆ ಬಿಡುವಿರಲಿ. ಆ ಹೊತ್ತಿನಲ್ಲಿ ಈಜು, ಸೈಕಲ್, ಬೇರೆ ಆಟ ನಡೆಯಲಿ. ವಾರದ ತರಬೇತಿಯ ಗಂಟೆಗಳು ಮಗುವಿನ ವಯಸ್ಸಿನ ಸಂಖ್ಯೆಯನ್ನು ಮೀರದಿರಲಿ. 12 ವರ್ಷದವಳಿಗೆ ವಾರಕ್ಕೆ 12 ಗಂಟೆಯೇ ಮಿತಿ. ಕುಂಟುವಷ್ಟು ನೋವಿದ್ದರೆ, ರಾತ್ರಿ ನಿದ್ದೆಗೆಡಿಸಿದರೆ, ಬಿಡುವು ಕೊಟ್ಟರೂ ಇಳಿಯದಿದ್ದರೆ ವೈದ್ಯರಿಗೆ ತೋರಿಸಬೇಕು.

ಇನ್ನೊಂದು ನಂಬಿಕೆಯನ್ನೂ ಇಲ್ಲೇ ತಿದ್ದಬಹುದು. ಎತ್ತರ ಬೆಳೆಯಲಿ ಎಂದೇ ಮಕ್ಕಳನ್ನು ಬ್ಯಾಸ್ಕೆಟ್‌ಬಾಲ್‌ಗೆ ಸೇರಿಸುವ ಪಾಲಕರು ಬಹಳ. ಎತ್ತರವನ್ನು ಮುಖ್ಯವಾಗಿ ನಿರ್ಧರಿಸುವುದು ಅನುವಂಶೀಯತೆ. ಅದರ ಜೊತೆಗೆ ಊಟ, ನಿದ್ದೆ, ಆರೋಗ್ಯ. ಎತ್ತರದವರು ಆ ಆಟದಲ್ಲಿ ಉಳಿಯುವುದರಿಂದ ಆಟವೇ ಅವರನ್ನು ಎತ್ತರ ಮಾಡಿತೆಂಬ ಭ್ರಮೆ ಹುಟ್ಟುತ್ತದೆ. ಆಟಕ್ಕೆ ಬೇರೆ ಲಾಭಗಳು ಬೇಕಷ್ಟಿವೆ. ಇಲ್ಲದ ಲಾಭವನ್ನು ಅದಕ್ಕೆ ಅಂಟಿಸುವುದು ಬೇಡ.

ವಿದ್ಯಾರ್ಥಿಗಳಿಗೆ ಕೊನೆಯ ಮಾತು. ನಿಮ್ಮ ತರಗತಿಯಲ್ಲೂ ಉಳಿದವರಿಗಿಂತ ಬೇಗ ಎತ್ತರವಾದ, ಬೇಗ ಬಲಿತ ಒಬ್ಬರಿಬ್ಬರು ಇರುತ್ತಾರೆ. ಅವರು ಈಗ ಸುಲಭವಾಗಿ ಗೆಲ್ಲುತ್ತಾರೆ. ನಾಲ್ಕು ವರ್ಷದಲ್ಲಿ ಉಳಿದವರೂ ಬೆಳೆಯುತ್ತಾರೆ. ಆಗ ಉಪಯೋಗಕ್ಕೆ ಬರುವುದು ಮೈ ಕೊಟ್ಟದ್ದಲ್ಲ, ಕೂತು, ನಿಂತು, ಬೇಸರವಾದರೂ ಬಿಡದೆ ಕಲಿತದ್ದು. ಮೈ ತಾನಾಗಿ ಕೊಟ್ಟದ್ದನ್ನು ಮೈಯೇ ಒಂದು ದಿನ ಹಿಂದಕ್ಕೆ ಪಡೆಯುತ್ತದೆ. ಕಲಿತದ್ದನ್ನು ಕಸಿದುಕೊಳ್ಳುವುದು ಅದಕ್ಕೆ ಅಷ್ಟು ಸುಲಭವಲ್ಲ. ಆದ್ದರಿಂದ ಕಲಿಯುವ ದಿನ ಮನಸ್ಸಿಟ್ಟು ಕಲಿಯಿರಿ. ಕಾಲು ನೋಯುವ ದಿನ ನಾಚಿಕೆಪಡದೆ ಹೇಳಿ, ಕುಳಿತುಕೊಳ್ಳಿ.